ಹಾಡೂ ಅಟ್ಟದ ಮೇಲಿರಲಿ

ಮೆಚ್ಚಿದ ಹಾಡನ್ನು ದುಡ್ಡು ಕೊಟ್ಟು ಕೊಂಡು ಮನೆಯಲ್ಲಿಟ್ಟುಕೊಳ್ಳಬೇಕು ಅನ್ನುವುದು ಬೇಲಿಯ ಈಚೆ ನಿಂತ ನನ್ನ ವಾದ. ಕೇಳಿದ್ದೆಲ್ಲ ಫೋನಿನಲ್ಲಿ ಬರುವಾಗ ಮನೆಯಲ್ಲಿ ಯಾಕೆ ಧೂಳು ಗುಡ್ಡೆ ಹಾಕಬೇಕು ಅನ್ನುವುದು ಆಚೆ ನಿಂತ ಪಕ್ಕದ ಮನೆಯ ಅಕ್ಕನ ವಾದ. ಕಡೂರಿನಲ್ಲಿ ನಮ್ಮಿಬ್ಬರ ಹಿತ್ತಿಲ ನಡುವೆ ಇರುವುದು ದಾಸವಾಳದ ಬೇಲಿ. ಮಾತಿಗೆ ಅಡ್ಡ ಬರುವಷ್ಟು ಎತ್ತರ ಬೆಳೆಯಲು ನಾವಿಬ್ಬರೂ ಬಿಟ್ಟಿಲ್ಲ. ಅಕ್ಕನ ತವರು ಅಜ್ಜಂಪುರ, ನನ್ನದು ತರೀಕೆರೆ. ಸಂಜೆ ನೀರು ಬಿಡುವ ಹೊತ್ತಿಗೆ ಮೂರು ಊರಿನ ಸುದ್ದಿಯೂ ಅಲ್ಲಿ ಸೇರುತ್ತದೆ. ಈಚೆಗೆ ಸೇರುತ್ತಿರುವುದು ಹಾಡಿನ ಸುದ್ದಿ.

“ಬಾಯಲ್ಲಿ ಹೇಳಿದ್ರೆ ಸಾಕು ಕಣೇ, ಹಾಡುತ್ತೆ. ಅಶ್ವತ್ಥ್ ಅಂದ್ರೆ ಅಶ್ವತ್ಥ್, ರಾಜ್‌ಕುಮಾರ್ ಅಂದ್ರೆ ರಾಜ್‌ಕುಮಾರ್. ಕ್ಯಾಸೆಟ್ ಮಗುಚಿ ಹಾಕೋದಿಲ್ಲ, ರೀಲು ಸಿಕ್ಕಾಕ್ಕೊಳ್ಳೋದಿಲ್ಲ. ಇನ್ನೇನ್ ಬೇಕು ಹೇಳು?” ಎಂದು ಅಕ್ಕ ಕೇಳುತ್ತಾರೆ.

ಅವರ ಮಾತಿನಲ್ಲಿ ಸುಳ್ಳಿಲ್ಲ. ಕಣ್ಣು ಮಂಜಾದ ಮೇಲೆ ಕ್ಯಾಸೆಟ್ಟಿನ ಮೇಲಿನ ಸಣ್ಣಕ್ಷರ ಓದಲಾಗದೆ ಹಾಡು ಕೇಳುವುದನ್ನೇ ಬಿಟ್ಟಿದ್ದ ಎಷ್ಟೋ ಹಿರಿಯರು ಈಗ ಫೋನಿಗೆ ಹೇಳಿ ಕೇಳುತ್ತಿದ್ದಾರೆ. ಶಿವನಿಯ ಕಡೆಯ ಹುಡುಗನೊಬ್ಬ ಈರುಳ್ಳಿ ಹೊಲದ ಬದುವಿನಲ್ಲಿ ಕೂತು ಯಾವ ದೇಶದ ಸಂಗೀತವನ್ನು ಬೇಕಾದರೂ ಕೇಳಬಹುದು. ನಮ್ಮ ಕಾಲದಲ್ಲಿ ಅದು ಕನಸಿಗೂ ಬಾರದ ಮಾತು. ಇದು ದೊಡ್ಡ ಅನುಕೂಲವೇ. ನನ್ನ ತಕರಾರು ಒಂದೇ: ಕೇಳಲು ಸಿಗುವುದು ಬೇರೆ, ನಮ್ಮಲ್ಲಿ ಇರುವುದು ಬೇರೆ. ಸಿಗುತ್ತದೆ ಅನ್ನುವ ಧೈರ್ಯದ ಮೇಲೆ ಇರುವುದನ್ನೆಲ್ಲ ಕಳೆದುಕೊಳ್ಳುತ್ತಿದ್ದೇವೆ.

ಇದು ಅಕ್ಕನಿಗೂ ಒಂದು ದಿನ ತಟ್ಟಿತು. ಅವರು ಒಂದೊಂದಾಗಿ ಆರಿಸಿ ಜೋಡಿಸಿದ್ದ ಪಟ್ಟಿಯಲ್ಲಿ ಕೆಲವು ಹಾಡುಗಳ ಹೆಸರು ಬೂದಿ ಬಣ್ಣಕ್ಕೆ ತಿರುಗಿದ್ದವು. ಹೆಸರಿದೆ, ಒತ್ತಿದರೆ ಹಾಡುವುದಿಲ್ಲ. “ನಾನೇನಾದ್ರೂ ತಪ್ಪಾಗಿ ಒತ್ತಿಬಿಟ್ಟೆನೇನೇ?” ಎಂದು ಫೋನನ್ನು ಬೇಲಿಯ ಮೇಲಿಂದ ಚಾಚಿದರು. ಅವರ ತಪ್ಪು ಏನೂ ಇರಲಿಲ್ಲ.

ಒಳಗಿನ ವ್ಯವಹಾರ ಹೀಗಿದೆ. ಹಾಡಿನ ಹಕ್ಕು ಕ್ಯಾಸೆಟ್ ಕಂಪನಿಯ ಹತ್ತಿರ ಇರುತ್ತದೆ. ಆ್ಯಪ್‌ನವರು ಅವರೊಂದಿಗೆ ಇಷ್ಟು ಕಾಲಕ್ಕೆ ಇಷ್ಟು ದುಡ್ಡು ಎಂದು ಕರಾರು ಮಾಡಿಕೊಂಡಿರುತ್ತಾರೆ. ನಾವು ತಿಂಗಳ ಚಂದಾ ಕಟ್ಟುವುದು ಆ ಕರಾರು ಇರುವ ತನಕ ಕೇಳಲು ಮಾತ್ರ. ಕರಾರು ಮುರಿದರೆ ಹಾಡು ಹೋಯಿತು. ಸ್ಪಾಟಿಫೈ ಎಂಬ ಹಾಡಿನ ಆ್ಯಪ್ ನಮ್ಮ ದೇಶಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಆಗಲೇ ಸರಿಗಮ ಕಂಪನಿಯೊಂದಿಗೆ ತಕರಾರಾಗಿ ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು, ಸರಿಗಮದ ಹಾಡುಗಳನ್ನು ತೆಗೆಯಬೇಕಾಯಿತು. ಹಿಂದಿನ ಎಚ್‌ಎಂವಿಯೇ ಇಂದಿನ ಸರಿಗಮ. ಹಳೆಯ ಕನ್ನಡ ಚಿತ್ರಗೀತೆಗಳಲ್ಲಿ ಎಷ್ಟೋ ಅವರ ಬಳಿಯೇ ಇವೆ. 2020ರಲ್ಲಿ ರಾಜಿಯಾದ ಮೇಲೆ ಅವು ಮತ್ತೆ ಬಂದವು. 2023ರ ಮಾರ್ಚ್‌ನಲ್ಲಿ ಜೀ ಮ್ಯೂಸಿಕ್‌ನ ಹಾಡುಗಳು ಇದೇ ರೀತಿ ಹೊರಟವು. ಹೋಗುವುದನ್ನೂ ಬರುವುದನ್ನೂ ಯಾರೋ ಎಲ್ಲೋ ಕೂತು ತೀರ್ಮಾನಿಸುತ್ತಾರೆ. ಚಂದಾ ಕಟ್ಟಿದವರನ್ನು ಯಾರೂ ಕೇಳುವುದಿಲ್ಲ.

ಹಾಡು ಹೋಗುವುದಿರಲಿ, ಅಂಗಡಿಯೇ ಬಾಗಿಲು ಹಾಕುವುದೂ ಉಂಟು. ರೆಸ್ಸೋ ಎಂಬ ಹಾಡಿನ ಆ್ಯಪ್ 2024ರ ಜನವರಿ ಕೊನೆಗೆ ಭಾರತದಲ್ಲಿ ನಿಂತಿತು. ಏರ್‌ಟೆಲ್‌ನವರು 2014ರಲ್ಲಿ ಶುರು ಮಾಡಿದ್ದ ವಿಂಕ್ ಕೂಡ 2024ರಲ್ಲೇ ಮುಗಿಯಿತು. ಜನ ವರ್ಷಗಟ್ಟಲೆ ಕೂತು ಜೋಡಿಸಿದ ಪಟ್ಟಿಗಳು, ಯಾವ ಹಾಡಿನ ಹಿಂದೆ ಯಾವ ಹಾಡು ಬರಬೇಕೆಂದು ಆರಿಸಿದ ಆ ಪ್ರೀತಿಯ ಕೆಲಸ, ಇವಕ್ಕೆಲ್ಲ ಬೇರೊಬ್ಬರ ಮನೆಯ ಗೋಡೆಯೇ ಆಧಾರವಾಗಿತ್ತು.

“ನಾನು ಡೌನ್‌ಲೋಡ್ ಮಾಡಿಟ್ಕೊಂಡಿದೀನಲ್ಲೇ. ನೆಟ್ ಇಲ್ದಿದ್ರೂ ಹಾಡುತ್ತೆ.”

ಅದೂ ಬೀಗ ಹಾಕಿದ ಪೆಟ್ಟಿಗೆ ಅಕ್ಕ, ಕೀಲಿ ಅವರ ಹತ್ತಿರ ಇದೆ ಎಂದೆ. ಆ್ಯಪ್ ಒಳಗೆ ಇಳಿಸಿಕೊಂಡ ಹಾಡು ಆ್ಯಪ್ ಒಳಗೆ ಮಾತ್ರ ಹಾಡುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿ ಟ್ರ್ಯಾಕ್ಟರಿನಲ್ಲಿ ಕೇಳಲಾಗುವುದಿಲ್ಲ, ಮಗಳ ಮದುವೆಯಲ್ಲಿ ಜೊತೆಗೆ ಕೊಟ್ಟು ಕಳಿಸಲಾಗುವುದಿಲ್ಲ. ಸ್ಪಾಟಿಫೈನಲ್ಲಾದರೆ 30 ದಿನಕ್ಕೆ ಒಮ್ಮೆಯಾದರೂ ನೆಟ್‌ಗೆ ಬಂದು ಹಾಜರಿ ಹಾಕಬೇಕು, ಇಲ್ಲದಿದ್ದರೆ ಇಳಿಸಿಕೊಂಡದ್ದೂ ಬಾಯಿ ಮುಚ್ಚುತ್ತದೆ. ಚಂದಾ ನಿಲ್ಲಿಸಿದರೂ ಅಷ್ಟೇ.

ಇದಕ್ಕೆ ಎದುರಾಗಿ ಫ್ಲೈಟ್ ಎಂಬ ಅಂಗಡಿಯ ಕಥೆ ಇಡುತ್ತೇನೆ. ಬೆಂಗಳೂರಿನ ಫ್ಲಿಪ್‌ಕಾರ್ಟ್‌ನವರು 2012ರ ಫೆಬ್ರವರಿಯಲ್ಲಿ ಹಾಡುಗಳನ್ನು ಒಂದೊಂದಾಗಿ ಮಾರುವ ಅಂಗಡಿ ತೆರೆದರು. ಕೊಂಡ ಹಾಡು ಬೀಗವಿಲ್ಲದ ಎಂಪಿ3 ಆಗಿ ಕೈಗೆ ಬರುತ್ತಿತ್ತು. ವ್ಯಾಪಾರ ಗಿಟ್ಟಲಿಲ್ಲ, 2013ರ ಜೂನ್‌ನಲ್ಲಿ ಮುಚ್ಚಿದರು. ಆದರೆ ಅಲ್ಲಿ ಕೊಂಡು ಇಳಿಸಿಕೊಂಡವರ ಹಾಡುಗಳಿಗೆ ಏನೂ ಆಗಲಿಲ್ಲ, ಇವತ್ತಿಗೂ ಹಾಡುತ್ತವೆ. ಮುಚ್ಚಿದ ಅಂಗಡಿಯಿಂದ ತಂದ ಸರಕೂ ಮನೆಯಲ್ಲಿ ಉಳಿಯುತ್ತದೆ ಅಂದರೆ ಅದು ನಿಜವಾದ ಖರೀದಿ.

ಅಕ್ಕನಿಗೆ ಅಜ್ಜಂಪುರದ ಅಭಿಮಾನ ಬಹಳ. ಅಜ್ಜಂಪುರ ಸೀತಾರಾಂ, ಅಂದರೆ ‘ಆನಂದ’ರ ಊರು ಅದು. ‘ನಾನು ಕೊಂದ ಹುಡುಗಿ’ ಕಥೆಯ ಪುಸ್ತಕ ಅಕ್ಕನ ಕಪಾಟಿನಲ್ಲಿ ಇದೆ. ಅದನ್ನೇ ಹಿಡಿದು ಕೇಳಿದೆ: ರಾತ್ರೋರಾತ್ರಿ ಅಂಗಡಿಯವನು ಬಂದು ಆ ಪುಸ್ತಕ ವಾಪಸ್ ಒಯ್ದರೆ ಏನು ಮಾಡುತ್ತೀರಿ? “ಅದ್ಹೇಗೆ ಒಯ್ತಾನೆ? ದುಡ್ಡು ಕೊಟ್ಟು ತಂದಿದೀನಿ!” ಎಂದರು. 2009ರಲ್ಲಿ ಅಮೆರಿಕದಲ್ಲಿ ಹಾಗೇ ಆಗಿತ್ತು. ಹಕ್ಕಿನ ತಕರಾರೆಂದು ಅಮೆಜಾನ್‌ನವರು ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಗಿರಾಕಿಗಳ ಕಿಂಡಲ್ ಎಂಬ ಓದುವ ಸಾಧನದಿಂದ ದೂರದಿಂದಲೇ ಅಳಿಸಿದರು. ಹಣ ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೆ ಅಳಿಸುವ ಶಕ್ತಿ ಅವರಲ್ಲಿದೆ ಅನ್ನುವುದು ಆ ದಿನ ಜಗತ್ತಿಗೆ ಗೊತ್ತಾಯಿತು. ಕಪಾಟಿನ ಪುಸ್ತಕಕ್ಕೆ ಆ ಭಯ ಇಲ್ಲ. ಹಾಡಿಗೂ ಇರಬಾರದು.

ನಮ್ಮ ಕಡೆಯವರಿಗೆ ಇದನ್ನು ತಿಳಿಸಿ ಹೇಳಲು ಕೊಬ್ಬರಿಗಿಂತ ಬೇರೆ ಉದಾಹರಣೆ ಬೇಡ. ಕಡೂರು ಸೀಮೆಯಲ್ಲಿ ಬಲಿತ ಕಾಯನ್ನು ಕೆಡವಿದ ತಕ್ಷಣ ಎಲ್ಲವನ್ನೂ ಮಾರುವುದಿಲ್ಲ. ಅಟ್ಟಕ್ಕೆ ಹಾಕುತ್ತೇವೆ. ತಿಂಗಳುಗಟ್ಟಲೆ ಅಲ್ಲಿ ಸುಮ್ಮನಿದ್ದು, ನೀರು ಇಂಗಿ, ಅಲ್ಲಾಡಿಸಿದರೆ ಒಳಗೆ ಸದ್ದು ಮಾಡುವ ಉಂಡೆ ಕೊಬ್ಬರಿ ಆಗುತ್ತದೆ. ಆಮೇಲೆ ಅರಸೀಕೆರೆಗೋ ತಿಪಟೂರಿಗೋ ಹೋಗುತ್ತದೆ. ಇಟ್ಟುಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ ಅದು ಸಿಗುತ್ತದೆ. ಹಾಡೂ ಮನೆಯಲ್ಲಿ ಇದ್ದು ಇದ್ದು ಬೆಲೆ ಏರುವ ಸರಕು. ತಂದ ದಿನ ಅದು ಬರೀ ಸಿನಿಮಾ ಹಾಡು. ಇಪ್ಪತ್ತು ವರ್ಷ ಮನೆಯಲ್ಲಿ ಇದ್ದ ಮೇಲೆ ಅದರೊಳಗೆ ಆ ಮನೆಯ ಹಬ್ಬ, ಬಾಣಂತನ, ಗೃಹಪ್ರವೇಶ ಎಲ್ಲ ಸೇರಿಕೊಂಡಿರುತ್ತವೆ.

ನಮ್ಮ ಕಡೆಯ ಮನೆಗಳಿಗೆ ಹಾಡು ಹೀಗೆ ಸ್ವಂತದ್ದಾಗಿ ಬಂದದ್ದು ತೀರಾ ಈಚೆಗೆ. ಗ್ರಾಮಫೋನು ಅನುಕೂಲಸ್ಥರ ಮನೆಯ ವಸ್ತು. 78 ವೇಗದ ಅರಗಿನ ಪ್ಲೇಟು ಒಂದು ಬದಿಗೆ ಮೂರು ನಿಮಿಷ ಹಾಡಿ ನಿಲ್ಲುತ್ತಿತ್ತು, ಕೈ ಜಾರಿದರೆ ಚೂರಾಗುತ್ತಿತ್ತು. ಉಳಿದವರಿಗೆ ರೇಡಿಯೋ. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ತರೀಕೆರೆಯವರಿಗೆ ಅದು ಪಕ್ಕದೂರಿನ ದನಿಯೇ ಆಯಿತು. ಆದರೆ ರೇಡಿಯೋ ಹಾಡಿದಾಗ ನಾವು ಕೇಳಬೇಕು, ನಮಗೆ ಬೇಕಾದಾಗ ಅದು ಹಾಡುವುದಿಲ್ಲ. ಮೆಚ್ಚಿದ ಹಾಡಿಗಾಗಿ ಕಾರ್ಡು ಬರೆದು ಕಾಯಬೇಕಿತ್ತು.

ಆ ಕಾಯುವಿಕೆಯನ್ನು ಮುಗಿಸಿದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಬರ್ಲಿನ್‌ನಲ್ಲಿ ತೋರಿಸಿತು. ನಮ್ಮ ಬಯಲುಸೀಮೆಯ ಮನೆಗಳಿಗೆ ಬರಲು ಇನ್ನೂ ಒಂದೂವರೆ ಎರಡು ದಶಕ ಹಿಡಿಯಿತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಅದಕ್ಕೆ ಹೆಸರು. ಆಮೇಲೆ ಅಶ್ವತ್ಥ್ ಅವರ ‘ಮೈಸೂರ ಮಲ್ಲಿಗೆ’, ಶಿಶುನಾಳ ಷರೀಫರ ಪದಗಳು, ಶಿವಮೊಗ್ಗ ಸುಬ್ಬಣ್ಣ ಅವರ ಗಂಟಲು. 1987ರಲ್ಲಿ ಹಂಸಲೇಖ ಅವರ ‘ಪ್ರೇಮಲೋಕ’ ಬಂದಾಗ ಲಹರಿ ಕ್ಯಾಸೆಟ್ ಇಲ್ಲದ ಬಸ್ಸೇ ಇರಲಿಲ್ಲ. ಬೆಳಗಿನ ಹೊತ್ತು ಹೋಟೆಲುಗಳಲ್ಲಿ ಗುರುರಾಜುಲು ನಾಯ್ಡು ಅವರ ಹರಿಕಥೆ. ಲಹರಿ, ಸಂಗೀತಾ, ಆಕಾಶ್: ಈ ಕ್ಯಾಸೆಟ್ ಕಂಪನಿಗಳ ಹೆಸರುಗಳು ನಮಗೆ ನೆಂಟರ ಹೆಸರಿನಷ್ಟು ಪರಿಚಯ.

ಕ್ಯಾಸೆಟ್ಟಿನ ಜೊತೆ ಬರುತ್ತಿದ್ದ ಮಡಿಚಿದ ಕಾಗದದ ಋಣ ದೊಡ್ಡದು. ಅದರಲ್ಲಿ ಕವಿಯ ಹೆಸರು, ರಾಗ ಹಾಕಿದವರ ಹೆಸರು, ಕೆಲವೊಮ್ಮೆ ಕೊಳಲು ತಬಲಾ ನುಡಿಸಿದವರ ಹೆಸರೂ ಇರುತ್ತಿತ್ತು. ಶಾಲೆ ಬಿಟ್ಟ ಹೆಂಗಸರು ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ, ಅಡಿಗ, ಬೇಂದ್ರೆ ಎಂಬ ಹೆಸರುಗಳನ್ನು ಕಲಿತದ್ದು ಅಡುಗೆಮನೆಯ ಗೂಡಿನಲ್ಲಿದ್ದ ಟೇಪ್ ರೆಕಾರ್ಡರಿನ ಪಕ್ಕ. ಈಗ ಫೋನಿನಲ್ಲಿ ಭಾವಗೀತೆ ಹಾಕಿ ನೋಡಿ. ಎಷ್ಟೋ ಕಡೆ ಗಾಯಕರ ಹೆಸರಷ್ಟೇ ಕಾಣುತ್ತದೆ. ಹಾಡು ಬರೆದವರು ಯಾರು ಎಂದು ಮಗು ಕೇಳಿದರೆ ಅಲ್ಲಿ ಉತ್ತರ ಇಲ್ಲ. ಕವಿಯ ಹೆಸರಿಲ್ಲದ ಭಾವಗೀತೆ ಕನ್ನಡಕ್ಕೆ ದೊಡ್ಡ ನಷ್ಟ ಅಂತ ನಾನು ಬೇಲಿ ಹಾರುವಷ್ಟು ಜೋರಾಗಿ ಹೇಳುತ್ತೇನೆ.

“ಅದೆಲ್ಲ ಸರಿ. ಕೊಳ್ಳೋಕೆ ಅಂಗಡಿ ಎಲ್ಲಿದೆ ಹೇಳು? ಕಡೂರಲ್ಲಿ ಇದೆಯಾ, ಬೀರೂರಲ್ಲಿ ಇದೆಯಾ?”

ಅಕ್ಕನ ಈ ಮಾತು ನೋಯಿಸುವಷ್ಟು ನಿಜ. ಕ್ಯಾಸೆಟ್ ಅಂಗಡಿಗಳು ಮೊಬೈಲ್ ಅಂಗಡಿಗಳಾದವು. ನಡುವೆ ಕೆಲವು ವರ್ಷ ಬಸ್ ಸ್ಟ್ಯಾಂಡಿನ ಸುತ್ತ ಮೆಮೊರಿ ಕಾರ್ಡಿಗೆ ನೂರಾರು ಹಾಡು ತುಂಬಿಕೊಡುವ ವ್ಯಾಪಾರ ನಡೆಯಿತು. ಬರೆದವರಿಗೂ ಹಾಡಿದವರಿಗೂ ಅದರಲ್ಲಿ ಒಂದು ಪೈಸೆ ಹೋಗಲಿಲ್ಲ. ದೊಡ್ಡ ಊರಿನ ಅಂಗಡಿಗಳೂ ಉಳಿಯಲಿಲ್ಲ. ಮುಂಬಯಿಯ ಹೆಸರಾಂತ ರಿದಮ್ ಹೌಸ್ 2016ರಲ್ಲಿ ಮುಚ್ಚಿತು.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಬೆಂಗಳೂರಿಗೆ ಹೋದಾಗ ಜಯನಗರದ ಟೋಟಲ್ ಕನ್ನಡದಂಥ ಅಂಗಡಿಗಳಲ್ಲಿ ಕನ್ನಡದ ಸಿ.ಡಿ.ಗಳನ್ನು ಕೇಳಿ ನೋಡಬಹುದು. ಸುಗಮ ಸಂಗೀತದ ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಪಕ್ಕದ ಮೇಜಿನ ಮೇಲೆ ಕಲಾವಿದರೇ ಸಿ.ಡಿ. ಇಟ್ಟಿರುತ್ತಾರೆ, ಅಲ್ಲಿ ಕೊಟ್ಟ ದುಡ್ಡು ನೇರ ಅವರ ಕೈಗೆ ಹೋಗುತ್ತದೆ. ಆ್ಯಪಲ್‌ನವರ ಐಟ್ಯೂನ್ಸ್ ಅಂಗಡಿ ಭಾರತಕ್ಕೆ 2012ರ ಡಿಸೆಂಬರಿನಲ್ಲಿ ಬಂತು. ಅಲ್ಲಿ ಒಂದೊಂದು ಹಾಡನ್ನೂ ಬೀಗವಿಲ್ಲದೆ ಕೊಳ್ಳುವ ಏರ್ಪಾಡು. 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್‌ನಲ್ಲಿ ಕಲಾವಿದರು ತಾವೇ ಬೆಲೆ ಇಟ್ಟು ಮಾರುತ್ತಾರೆ. ಹಾಡಿನ ಮಾರಾಟದಲ್ಲಿ ಅಂಗಡಿಗೆ ಸಾಮಾನ್ಯವಾಗಿ ನೂರಕ್ಕೆ 15 ಹೋಗುತ್ತದೆ, ಉಳಿದದ್ದರಲ್ಲಿ ಹಣ ಸಾಗಿಸುವ ಖರ್ಚು ಕಳೆದು ಮಿಕ್ಕಿದ್ದು ಹಾಡಿದವರಿಗೆ. ಚಂದಾ ಆ್ಯಪ್‌ಗಳಲ್ಲಿ ಹಾಡು ಒಂದು ಸಲ ಕೇಳಿದರೆ ಪೈಸೆಗಳ ಲೆಕ್ಕ. ಅದೂ ಎಲ್ಲರಿಗೂ ಸಿಗುವುದಿಲ್ಲ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಪಾಲು ಬರುವುದಿಲ್ಲ. ನಮ್ಮ ಜಿಲ್ಲೆಯ ತತ್ವಪದದವರೊಬ್ಬರು ಹಾಡಿ ಹಾಕಿದರೆ ಸಾವಿರ ಮುಟ್ಟುವುದು ಎಷ್ಟು ಕಷ್ಟ ಎಂದು ಯೋಚಿಸಿ. ಅದೇ ಹತ್ತು ಮನೆಯವರು ಒಂದೊಂದು ಸಿ.ಡಿ. ಕೊಂಡರೆ ಅವರ ಕೈಗೆ ಆ ದಿನವೇ ದುಡ್ಡು.

ಜಾಗದ ಚಿಂತೆ ಈಗ ಬೇಡ. 64 ಜಿಬಿಯ ಪೆನ್‌ಡ್ರೈವ್ ಹೆಬ್ಬೆರಳಿನಷ್ಟಿದೆ. ಒಳ್ಳೆಯ ಗುಣಮಟ್ಟದ ಎಂಪಿ3 ಐದು ನಿಮಿಷದ ಹಾಡಿಗೆ ಸುಮಾರು 12 ಎಂಬಿ. ಅಂದರೆ ಐದು ಸಾವಿರ ಹಾಡು ಅದರಲ್ಲಿ ಕೂರುತ್ತವೆ. ಫೋನಿನಲ್ಲಿ ಮಧ್ಯಮ ಗುಣಮಟ್ಟದಲ್ಲಿ ಒಂದು ಗಂಟೆ ಹಾಡು ಹರಿಸಿದರೆ 70 ಎಂಬಿಯಷ್ಟು ಡೇಟಾ ಖರ್ಚು. ಇನ್ನು ಸಿಗ್ನಲ್ಲಿನ ಮಾತು. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ಕಡೆ ಹತ್ತುವವರಿಗೆ ಗೊತ್ತು, ತಿರುವಿನಲ್ಲಿ ಹಾಡು ಅರ್ಧಕ್ಕೆ ನಿಂತುಬಿಡುತ್ತದೆ. ಪೆನ್‌ಡ್ರೈವಿನ ಹಾಡು ಗುಡ್ಡದ ತುದಿಯವರೆಗೂ ಜೊತೆಗೆ ಬರುತ್ತದೆ.

ಇಷ್ಟು ಹೇಳಿದರೂ ಅಕ್ಕ ಅರ್ಧ ಮನಸ್ಸಿನಲ್ಲೇ ಇದ್ದರು. “ಒಳ್ಳೆ ಹಾಡು ಎಲ್ಲೂ ಹೋಗಲ್ಲ ಕಣೇ. ಯಾರಾದ್ರೂ ಇಟ್ಟಿರ್ತಾರೆ” ಎಂದರು. ಆ ‘ಯಾರಾದ್ರೂ’ ಯಾರು ಎಂದು ನೋಡಬೇಕು.

1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ನಮ್ಮ ದೇಶದ ಮೊದಲ ದೊಡ್ಡ ರೆಕಾರ್ಡ್ ತಾರೆ. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಂದು ಆಕೆಯ ದನಿ ಕೇಳಲು ಸಿಗುತ್ತಿರುವುದು ಆ ಪ್ಲೇಟುಗಳನ್ನು ಎಸೆಯದೆ ಇಟ್ಟುಕೊಂಡ ಮನೆಗಳಿಂದ, ಸಂಗ್ರಾಹಕರಿಂದ. ಬೆಂಗಳೂರಿನ ವಿಕ್ರಮ್ ಸಂಪತ್ ಆಕೆಯ ಜೀವನಕಥೆ ಬರೆದ ಮೇಲೆ ಅಂಥ ಹಳೆಯ ಪ್ಲೇಟುಗಳನ್ನು ಕಂಪ್ಯೂಟರಿಗೆ ಇಳಿಸುವ ಸಂಗ್ರಹಾಲಯವನ್ನೇ ಕಟ್ಟಿದರು. ನಮ್ಮ ತರೀಕೆರೆಯ ರಹಮತ್ ತರೀಕೆರೆ ಅವರು ಬೀಳಗಿಯಲ್ಲಿ ಹುಟ್ಟಿ ಹಿಂದಿ ಚಿತ್ರರಂಗದಲ್ಲಿ ಹೆಸರಾದ ಅಮೀರಬಾಯಿ ಕರ್ನಾಟಕಿಯ ಮೇಲೆ ಪುಸ್ತಕ ಬರೆದಿದ್ದಾರೆ. 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದ ಆ ಗಾಯಕಿಯನ್ನು ಓದಿ ಮುಗಿಸಿದ ಮೇಲೆ ಕೇಳಬೇಕು ಅನ್ನಿಸುತ್ತದೆ. ಕೇಳಲು ಸಿಗುವುದು ಯಾರೋ ಪ್ಲೇಟು ಕಾಪಾಡಿದ್ದರಿಂದ.

ಇನ್ನೂ ಹತ್ತಿರ ಬರೋಣ. ನಮ್ಮ ಕಡೂರು ಸೀಮೆಯ ತಂಗಲಿ ತಾಂಡ್ಯದ ಲಂಬಾಣಿ ಕುಟುಂಬದಲ್ಲಿ 1906ರಲ್ಲಿ ಹುಟ್ಟಿದ ವೆಂಕಟಲಕ್ಷಮ್ಮ ಮೈಸೂರಿಗೆ ಹೋಗಿ, ಜಟ್ಟಿ ತಾಯಮ್ಮ ಅವರಲ್ಲಿ ಕಲಿತು, ಅರಮನೆಯ ನಾಟ್ಯ ವಿದುಷಿಯಾದರು. 1992ರಲ್ಲಿ ಪದ್ಮಭೂಷಣ ಪಡೆದರು, 2002ರವರೆಗೆ ಬದುಕಿದ್ದರು. ಹಾಡುತ್ತಲೇ ಅಭಿನಯಿಸುವ ಸಂಪ್ರದಾಯ ಅವರದು. ಅರಮನೆ ಮುಟ್ಟಿದ ಆ ಒಬ್ಬರ ಹೆಸರು ಉಳಿಯಿತು. ಅದೇ ತಾಂಡಾಗಳಲ್ಲಿ ಹೋಳಿ ಹಬ್ಬಕ್ಕೆ, ಮದುವೆಗೆ ಹಾಡಿದ ಉಳಿದ ಹೆಂಗಸರ ಪದ ಯಾವ ಆ್ಯಪ್‌ನಲ್ಲಿದೆ? ಬೀರೂರಿನ ಮೈಲಾರಲಿಂಗನ ಕಾರ್ಣಿಕದ ದಿನದ ಸದ್ದು, ಅಂತರಘಟ್ಟೆ ದುರ್ಗಮ್ಮನ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿ ಹೊರಟವರ ಹಾಡು, ವೀರಗಾಸೆಯವರ ಒಡಪು, ಸಂಬಾಳ, ಕರಡೆ: ಇವು ಯಾವ ಕಂಪನಿಯ ಪಟ್ಟಿಯಲ್ಲಿವೆ? ಹತ್ತರಲ್ಲಿ ಒಂದು ಸಿಕ್ಕರೆ ಭಾಗ್ಯ.

ಆಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ತಾವೇ ಒಂದು ವಿಷಯ ತೆಗೆದರು. ಅಜ್ಜಂಪುರದಲ್ಲಿ ಅವರ ಮದುವೆಯ ಹಿಂದಿನ ದಿನ, ಚಪ್ಪರದ ಕೆಳಗೆ ಅವರ ತಾಯಿ, ದೊಡ್ಡಮ್ಮ, ಕೇರಿಯ ಹೆಂಗಸರು ಸೋಬಾನೆ ಹಾಡಿದ್ದನ್ನು ಅವರ ತಮ್ಮ ಟು-ಇನ್-ಒನ್‌ನಲ್ಲಿ ಖಾಲಿ ಕ್ಯಾಸೆಟ್ ಹಾಕಿ ತುಂಬಿಸಿಟ್ಟಿದ್ದನಂತೆ. ಹಾಡಿದವರಲ್ಲಿ ಈಗ ಹೆಚ್ಚಿನವರು ಇಲ್ಲ. ಕ್ಯಾಸೆಟ್ ತವರಿನ ಅಟ್ಟದ ಮೇಲಿನ ಡಬ್ಬದಲ್ಲಿ ಇರಬೇಕು.

“ಅದು ಫೋನಲ್ಲಿ ಸಿಗಲ್ಲ ಅಲ್ವೇನೇ?” ಎಂದು ಕೇಳಿದರು.

ಸಿಗುವುದಿಲ್ಲ. ಜಗತ್ತಿನಲ್ಲಿ ಅದಕ್ಕೆ ಇರುವುದು ಅದೊಂದೇ ಪ್ರತಿ. ‘ಪ್ರೇಮಲೋಕ’ವನ್ನು ಲಹರಿಯವರು ನೋಡಿಕೊಳ್ಳುತ್ತಾರೆ. ಅಕ್ಕನ ಮದುವೆಯ ಸೋಬಾನೆಯನ್ನು ನೋಡಿಕೊಳ್ಳಬೇಕಾದವರು ನಾವೇ. ಅಲ್ಲಿಂದ ಮುಂದೆ ನಮ್ಮ ಮಾತು ವಾದವಾಗಿ ಉಳಿಯಲಿಲ್ಲ, ಕೆಲಸದ ಮಾತಾಯಿತು.

ಹಳೆ ಕ್ಯಾಸೆಟ್ ಸಿಕ್ಕ ತಕ್ಷಣ ಹಾಕಿ ಕೇಳಬಾರದು. ಮೊದಲು ಬೆಳಕಿಗೆ ಹಿಡಿದು ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಇದೆಯೇ ನೋಡಬೇಕು. ಕಡೂರಿನ ಒಣಹವೆಗೆ ಅದು ಕಡಿಮೆ. ತರೀಕೆರೆಯಿಂದ ಘಟ್ಟದ ಕಡೆ ಹೋದಂತೆ ಮಳೆಗಾಲದಲ್ಲಿ ಹೆಚ್ಚು. ಬೂಷ್ಟಿದ್ದ ಟೇಪನ್ನು ಹಾಗೇ ಓಡಿಸಿದರೆ ಅದು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದ್ದನ್ನು ತಿಳಿದವರ ಕೈಗೆ ಕೊಡುವುದು ಒಳ್ಳೆಯದು. ಬಿಸಿಲಿಗಂತೂ ಇಡಲೇಬಾರದು. ಚೊಕ್ಕಟವಾಗಿದ್ದರೆ ಒಂದು ಸಲ ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿ ಸಡಿಲ ಮಾಡಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಬಿದ್ದುಹೋಗಿದ್ದರೆ ಸ್ಕ್ರೂ ಬಿಚ್ಚಿ ರೀಲನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಬಹುದು. ಟೇಪ್ ರೆಕಾರ್ಡರಿನ ಹೆಡ್ಡನ್ನು ಹತ್ತಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಒರೆಸಬೇಕು.

ಆಮೇಲೆ ಟೇಪಿನಿಂದ ಒಂದು ವೈರು ಕಂಪ್ಯೂಟರಿಗೆ. ಆಡಾಸಿಟಿ ಎಂಬ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ. 60 ನಿಮಿಷದ ಕ್ಯಾಸೆಟ್ ಇಳಿಸಲು 60 ನಿಮಿಷವೇ ಬೇಕು, ಅವಸರಕ್ಕೆ ಅಲ್ಲಿ ಜಾಗ ಇಲ್ಲ. ಅಷ್ಟು ಹೊತ್ತು ಕೂತು ಕೇಳಬೇಕು. ಯಾರ ದನಿ ಯಾರದ್ದು ಎಂದು ಗುರುತಿಸಿ ಬರೆಯಲು ಅದೇ ಒಳ್ಳೆಯ ಸಮಯ. ಮೂಲ ಪ್ರತಿಯನ್ನು ಫ್ಲ್ಯಾಕ್ ರೂಪದಲ್ಲಿ ಇಡಬೇಕು, ಅದರಲ್ಲಿ ದನಿಯ ಒಂದಂಶವೂ ಕಳೆಯುವುದಿಲ್ಲ. ದಿನ ಕೇಳಲು ಎಂಪಿ3 ಮಾಡಿಕೊಳ್ಳಬಹುದು. ಫೈಲಿನ ಹೆಸರಿನಲ್ಲೇ ಊರು, ವರ್ಷ, ಹಾಡಿದವರ ಹೆಸರು ಇರಲಿ. ಹೆಸರಿಲ್ಲದ ದನಿ ಮೊಮ್ಮಕ್ಕಳ ಕಾಲಕ್ಕೆ ಯಾರದ್ದೋ ಆಗಿಬಿಡುತ್ತದೆ.

ಒಂದು ಪ್ರತಿ ಎಂದರೆ ಪ್ರತಿಯೇ ಇಲ್ಲದಂತೆ. ಪೆನ್‌ಡ್ರೈವ್ ಕೆಡುತ್ತದೆ, ಹಾರ್ಡ್ ಡಿಸ್ಕಿಗೂ ಆಯಸ್ಸಿದೆ. ನೆಟ್‌ನಲ್ಲಿ ಹಾಕಿಬಿಟ್ಟರೆ ಶಾಶ್ವತ ಎಂಬ ನಂಬಿಕೆಯೂ ಬೇಡ. ಮೈಸ್ಪೇಸ್ ಎಂಬ ದೊಡ್ಡ ತಾಣದಲ್ಲಿ ಕಲಾವಿದರು 2015ಕ್ಕೆ ಮೊದಲು ಹನ್ನೆರಡು ವರ್ಷ ಹಾಕಿದ್ದ ಐದು ಕೋಟಿಗೂ ಹೆಚ್ಚು ಹಾಡುಗಳು ಸರ್ವರ್ ಬದಲಿಸುವಾಗ ಕಳೆದುಹೋದವು ಎಂದು 2019ರಲ್ಲಿ ಹೊರಬಂತು. ಬಲ್ಲವರು ಹೇಳುವುದು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ನಮಗೆ ಇದು ಸುಲಭ. ಕಡೂರಿನಲ್ಲಿ ಒಂದು, ಅಜ್ಜಂಪುರದ ಅಕ್ಕನ ತಮ್ಮನ ಮನೆಯಲ್ಲಿ ಒಂದು, ತರೀಕೆರೆಯ ನನ್ನ ತವರಿನಲ್ಲಿ ಒಂದು. ಬೀರೂರಿನಲ್ಲಿ ಕವಲೊಡೆಯುವ ರೈಲು ಮೂರು ಊರನ್ನೂ ಮುಟ್ಟುತ್ತದೆ. ಹಬ್ಬಕ್ಕೆ ಹೋಗಿ ಬರುವಾಗ ಪ್ರತಿ ಬದಲಾಯಿಸಿದರೆ ಆಯಿತು.

ಕಾನೂನಿನ ಅಂಜಿಕೆ ಅಕ್ಕನಿಗೆ ಇತ್ತು. ನಾವು ದುಡ್ಡು ಕೊಟ್ಟು ಕೊಂಡ ಕ್ಯಾಸೆಟ್ಟನ್ನು ನಮ್ಮ ಸ್ವಂತ ಬಳಕೆಗೆ ಇಳಿಸಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆ ನ್ಯಾಯವಾದ ಮಿತಿಯಲ್ಲಿ ಅವಕಾಶ ಕೊಡುತ್ತದೆ. ಹಂಚುವುದು, ಮಾರುವುದು ಬೇರೆ ಮಾತು. ಧ್ವನಿಮುದ್ರಣದ ಹಕ್ಕು 60 ವರ್ಷ. 1960ರಲ್ಲಿ ಹೊರಬಂದ ಪ್ಲೇಟಿನದು 2020ರ ಕೊನೆಗೆ ಮುಗಿದಿದೆ. ಆದರೆ ಕವಿಯ ಸಾಹಿತ್ಯದ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆ ಹಕ್ಕನ್ನು ಗೌರವಿಸಲೆಂದೇ ನಾನು ಕೊಂಡು ಇಟ್ಟುಕೊಳ್ಳಿ ಅನ್ನುವುದು.

ಕೊನೆಗೆ ಬೇಲಿಯ ಎರಡೂ ಕಡೆಯವರಿಗೆ ಒಪ್ಪಿಗೆಯಾದದ್ದು ಹೀಗೆ. ಹೊಸ ಹಾಡು ಹುಡುಕಲು, ರುಚಿ ನೋಡಲು ಫೋನಿರಲಿ. ಹತ್ತು ಸಲ ಕೇಳಿಯೂ ಬೇಕೆನಿಸಿದ್ದನ್ನು ಕೊಂಡು ಇಡೋಣ. ಆದರೆ ಅದಕ್ಕೂ ಮೊದಲು ಮನೆಯವರ ದನಿ ಇರುವ ಕ್ಯಾಸೆಟ್ಟುಗಳು ಇಳಿಯಬೇಕು, ಸೋಬಾನೆ ಬಲ್ಲ ಹಿರಿಯರು ಇನ್ನೂ ಇದ್ದರೆ ಅವರನ್ನು ಕೂರಿಸಿಕೊಂಡು ಅದೇ ಫೋನಿನಲ್ಲಿ ತುಂಬಿಸಿಕೊಳ್ಳಬೇಕು. ನಮ್ಮ ಮನೆಯ ಟೇಪ್ ರೆಕಾರ್ಡರ್ ಇನ್ನೂ ಓಡುತ್ತದೆ. ಒಂದು ಬೀದಿಗೆ ಓಡುವ ಟೇಪು ಒಂದಿದ್ದರೆ ಸಾಕು. ನಿಮ್ಮ ಪಕ್ಕದ ಮನೆಯವರನ್ನೂ ಕೇಳಿ ನೋಡಿ, ಅವರ ಅಟ್ಟದ ಡಬ್ಬದಲ್ಲಿ ಏನೇನಿದೆ ಎಂದು. ಟೇಪು ಅವರ ಹತ್ತಿರ ಇರಬಹುದು, ಕ್ಯಾಸೆಟ್ ನಿಮ್ಮ ಹತ್ತಿರ.